ಕೊಂಬು ಕುಟ್ಟಿ ಗೋಡೆ ಗೆಲ್ಲಹೊರಟದ್ದು

ಗಂಡಸರು ಅರ್ಧ ಆಯುಷ್ಯ ತಿಣುಕಿ ಕಲಿಯುವ ಯಾವುದೇ ವಿದ್ಯೆಯನ್ನು, ಓದಿದ ಹೆಂಗಸೊಬ್ಬಳು ಒಂದು ಭಾನುವಾರದ ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ, ಕಲಿತುಬಿಡಬಹುದು ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ‘ಆಗಿತ್ತು’ ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು. ಆದರೂ ಬರೆದಿದ್ದೇನೆ. ಸತ್ಯ ಮುಖ್ಯ.

ನಾನು ಒಟಿಲಿಯಾ ಸ್ಟೆಹ್ಲಿಂಗ್. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಜಿಂಕೆಯ ಹಲ್ಲಿನ ಸವೆತದ ಮೇಲೆ ನಾನು ಬರೆದ ಮಹಾಪ್ರಬಂಧವನ್ನು ಓದಿದವರು ಕಡಿಮೆ, ಓದಿ ಮುಗಿಸಿದವರು ಇನ್ನೂ ಕಡಿಮೆ. ನನ್ನ ಗಂಡ ಎಲ್ರಾಯ್ ಅದರ ಮೇಲೆ ಕಾಫಿ ಲೋಟ ಇಡುತ್ತಾನೆ.

ಟೆಕ್ಸಸ್‌ನ ಗುಡ್ಡಗಾಡಿನಲ್ಲಿ ನಮ್ಮದೊಂದು ಜಮೀನು. ಓಕ್ ಮರ, ಮೆಸ್ಕೀಟ್ ಪೊದೆ, ಪಾಪಸುಕಳ್ಳಿ, ಕಲ್ಲು. ಬೆಳೆ ಎಂದು ಹೇಳಿಕೊಳ್ಳುವುದಾದರೆ ಜಿಂಕೆಗಳೇ. ನಮ್ಮ ಊಟದ ಕೋಣೆಯ ಉದ್ದ ಗೋಡೆಯ ತುಂಬ ಎಲ್ರಾಯ್ ಹೊಡೆದ ಜಿಂಕೆಗಳ ತಲೆಗಳು. ನನ್ನ ಇಡೀ ದಾಂಪತ್ಯದ ಊಟವನ್ನು ಆ ಗಾಜಿನ ಕಣ್ಣುಗಳು ತುತ್ತು ತುತ್ತಾಗಿ ನೋಡಿವೆ. ಧೂಳು ಒರೆಸುವವಳು ನಾನು, ಬಂದವರಿಂದ ಹೊಗಳಿಸಿಕೊಳ್ಳುವವನು ಅವನು. ಇತ್ತ ನನ್ನ ಪುಸ್ತಕಗಳು ನಿವೃತ್ತಿಯಾದಂದಿನಿಂದ ಗ್ಯಾರೇಜಿನಲ್ಲಿ, ಮೆಕ್ಕೆಜೋಳದ ಮೂಟೆಗಳ ನಡುವೆ, ರಟ್ಟಿನ ಪೆಟ್ಟಿಗೆಗಳಲ್ಲಿ ಕೊಳೆಯುತ್ತಿದ್ದವು. ಇಲಿಗಳು ಕಪ್ಪೆಗಳ ಸಂಪುಟ ಮುಗಿಸಿ ಹಾವುಗಳ ಸಂಪುಟಕ್ಕೆ ಕೈಹಾಕಿದ್ದವು.

"ಆ ಗೋಡೆ ನನಗೆ ಬೇಕು," ಎಂದೆ ಒಂದು ದಿನ.

"ಯಾಕೆ, ಒರಗಿಕೊಳ್ಳೋಕಾ?" ಎಂದ ಎಲ್ರಾಯ್.

"ಪುಸ್ತಕ ಜೋಡಿಸೋಕೆ."

"ಪುಸ್ತಕಕ್ಕೆ ಕಣ್ಣಿಲ್ಲ ಟಿಲ್ಲಿ. ಅದಕ್ಕೆ ಗ್ಯಾರೇಜಾದರೇನು, ಊಟದ ಕೋಣೆಯಾದರೇನು? ಇವುಗಳನ್ನ ನೋಡು, ಪಾಪ, ಕಣ್ಣು ಬಿಟ್ಟುಕೊಂಡು ಕೂತಿವೆ. ಅಂದಹಾಗೆ ಹೋದ ವರ್ಷ ಹೊಡೆದದ್ದರ ತಲೆ ತುಂಬಿಸಿ ರೆಡಿಯಾಗಿದೆಯಂತೆ. ನಿನ್ನ ಕುರ್ಚಿಯ ಎದುರಿಗೇ ಜಾಗ ನೋಡಿಟ್ಟಿದೀನಿ."

ನನ್ನ ಎದುರಿಗೇ!

"ಜಿಂಕೆ ಕರೆಯೋಕೆ ಪೊದೆಯಲ್ಲಿ ಕೂತು ಎರಡು ಕೊಂಬು ಕುಟ್ಟೋದು. ಅದೇನು ಬ್ರಹ್ಮವಿದ್ಯೆಯಾ?" ಎಂದೆ.

"ಪುಸ್ತಕ ಓದಿದರೆ ಬರಲ್ಲ ಅದು. ಕೈಗೆ ಬರಬೇಕು."

ಆ ಮಾತೇ ಬೆಂಕಿ ಹಚ್ಚಿದ್ದು. ಷರತ್ತು ಅಲ್ಲೇ ನಿಶ್ಚಯವಾಯಿತು. ಬರುವ ಶನಿವಾರ ಬೆಳಿಗ್ಗೆ ನಾನು ಕೊಂಬು ಕುಟ್ಟಿ ಗಂಡುಜಿಂಕೆಯನ್ನು ಕರೆಯಬೇಕು. ಎಲ್ರಾಯ್ ತನ್ನ ಬೇಟೆಯ ಅಟ್ಟಣೆಯ ಮೇಲೆ ಕೂತು ನೋಡಬೇಕು. ಜಿಂಕೆ ಬಂದರೆ ತಲೆಗಳೆಲ್ಲ ಕೊಟ್ಟಿಗೆಗೆ, ಗೋಡೆ ನನ್ನ ಪುಸ್ತಕಗಳಿಗೆ. ಬರದಿದ್ದರೆ ಹೊಸ ತಲೆ ನನ್ನೆದುರಿಗೆ, ಪುಸ್ತಕಗಳು ಶಾಶ್ವತವಾಗಿ ಇಲಿಗಳಿಗೆ.

ಈ ವಿದ್ಯೆಯ ತತ್ವ ಬಹಳ ಸರಳ. ನವೆಂಬರಿನಲ್ಲಿ ಗಂಡುಜಿಂಕೆಗಳಿಗೆ ಬೆದೆಯ ಹುಚ್ಚು ಏರಿರುತ್ತದೆ. ಪೊದೆಯಲ್ಲಿ ಅಡಗಿ ಎರಡು ಕೊಂಬುಗಳನ್ನು ಒಂದಕ್ಕೊಂದು ಬಡಿದರೆ, ಕೇಳಿಸಿಕೊಂಡ ಗಂಡು ‘ಓಹೋ, ಅಲ್ಲಿ ಇಬ್ಬರು ಹೆಣ್ಣಿಗಾಗಿ ಕಾದಾಡುತ್ತಿದ್ದಾರೆ’ ಎಂದುಕೊಂಡು ಬರುತ್ತದೆ. ಒಂದು ಜಾತಿ ತಾನೂ ಗುದ್ದಾಡಲು ಬರುತ್ತದೆ. ಇನ್ನೊಂದು ಸುಮ್ಮನೆ ನೋಡಲು ಬರುತ್ತದೆ. ಮೂರನೆಯದು, ಬುದ್ಧಿವಂತ ಜಾತಿ, ಇಬ್ಬರೂ ಮೈಮರೆತು ಗುದ್ದಾಡುವಾಗ ಹಿಂದಿನಿಂದ ಬಂದು ಹೆಣ್ಣನ್ನು ಕರೆದುಕೊಂಡು ಹೊರಟುಹೋಗುತ್ತದೆ. ಕುಟ್ಟುವುದಕ್ಕೂ ಕ್ರಮವಿದೆ. ಮೊದಲು ಒಂದು ಗಟ್ಟಿ ಢಿಕ್ಕಿ. ಆಮೇಲೆ ತಿಕ್ಕಾಟ. ನೆಲ ಕೆರೆಯುವುದು. ನಡುವೆ ಗುಟುರು. ಕೊನೆಗೆ ಮೌನ. ಬರುವುದು ಆ ಮೌನದಲ್ಲಿ.

ಇದನ್ನೆಲ್ಲ ನಾನು ವಿದ್ಯಾರ್ಥಿಗಳಿಗೆ ಅದೆಷ್ಟೋ ಸಲ ಪಾಠ ಮಾಡಿದ್ದೇನೆ. ಇನ್ನು ಬೇಕಾದದ್ದು ಕೊಂಬು ಮಾತ್ರ. ಎಲ್ರಾಯ್‌ನ ಜೋಡಿ ಅವನ ಅಪ್ಪನದು. ಚರ್ಮದ ದಾರ ಕಟ್ಟಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿರುತ್ತಾನೆ. ನಮ್ಮ ಮನೆಯ ಬೈಬಲ್ಲಿಗೂ ಅಷ್ಟು ಮರ್ಯಾದೆ ಇಲ್ಲ. ಕೇಳಿದ್ದಕ್ಕೆ, "ನಿನ್ನ ಹಲ್ಲಿನ ಬ್ರಷ್ ನಾನು ಕೇಳಿದೀನಾ?" ಎಂದ. ಹೀಗಾಗಿ ಮದುವೆಗೆ ನಾದಿನಿ ಕೊಟ್ಟಿದ್ದ ಕೊಂಬಿನ ದೀಪವನ್ನು ಗರಗಸದಿಂದ ಕೊಯ್ದು ಎರಡು ಕೊಂಬು ಬಿಡಿಸಿಕೊಂಡೆ. ಆ ದೀಪವನ್ನು ಒಡೆಯಲು ಇಷ್ಟು ವರ್ಷ ನೆವ ಸಿಕ್ಕಿರಲಿಲ್ಲ.

ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಅಭ್ಯಾಸ ಶುರುಮಾಡಿದೆ. ಮೊದಲ ಢಿಕ್ಕಿಗೆ ಹೆಬ್ಬೆರಳು ನೀಲಿಯಾಯಿತು. ತಿಕ್ಕಾಟಕ್ಕೆ ಬರುವಷ್ಟರಲ್ಲಿ ರಸ್ತೆಯಲ್ಲಿ ಒಂದು ಪಿಕಪ್ ಟ್ರಕ್ ಗಕ್ಕನೆ ನಿಂತಿತು. ಗ್ಯಾಸ್ ಸಿಲಿಂಡರ್ ತರುವವನು. ಕಿಟಕಿಯಿಂದ ಕತ್ತು ಉದ್ದ ಮಾಡಿ ನೋಡಿದ. ಅವನ ಹಿಂದೆ ಇನ್ನೊಂದು ಟ್ರಕ್. ಅದರಿಂದ ನಮ್ಮ ಚರ್ಚಿನ ಪಾದ್ರಿ ಇಳಿದು, ಮೈವಾಸನೆ ಗಾಳಿಯಲ್ಲಿ ಹೋಗದಂತೆ ಸುತ್ತುಬಳಸಿ, ಗ್ಯಾರೇಜಿನ ಮಗ್ಗುಲಿಂದ ಇಣುಕಿದರು.

"ಎಷ್ಟು ಕವಲಿನ ಕೊಂಬಿನದು?" ಎಂದು ಪಿಸುಗುಟ್ಟಿದರು.

"ಇದು ನಾನು, ಪಾದ್ರಿಗಳೇ."

"ಅಯ್ಯೋ, ನೀವಾ?" ಎಂದರು. ಅಷ್ಟು ನಿರಾಸೆ ನಾನು ಅವರ ಮುಖದಲ್ಲಿ ಶವಸಂಸ್ಕಾರದಲ್ಲೂ ಕಂಡಿರಲಿಲ್ಲ.

ಆ ಮಧ್ಯಾಹ್ನ ಊರಿನ ಗಂಡು ಜೀವಿಗಳು ಒಂದೊಂದಾಗಿ ಬಂದು ಹೋದವು. ಚಿಕ್ಕ ವಯಸ್ಸಿನವು ಓಡಿ ಬಂದವು. ವಯಸ್ಸಾದವು ಮರದ ಮರೆಯಲ್ಲಿ ನಿಂತು ಮೂಗೆತ್ತಿ ನೋಡಿದವು. ಒಬ್ಬರಿಗೂ ಯಾರು, ಯಾಕೆ ಎಂಬ ವಿಚಾರ ಬೇಡ. ಎಲ್ಲೋ ಜಗಳವಾಗುತ್ತಿದೆ, ಹೋಗಬೇಕು! ನನ್ನ ವಿದ್ಯೆ ಸಫಲವಾಯಿತೆಂದು ನಾನು ಬೀಗಿದೆ. ಗಂಡು ಗಂಡೇ, ಎರಡು ಕಾಲಿಗೂ ನಾಲ್ಕು ಕಾಲಿಗೂ ವ್ಯತ್ಯಾಸವೇನು ಎಂದುಕೊಂಡೆ.

ಶನಿವಾರ ಬೆಳಕು ಹರಿಯಿತು. ಎಲ್ರಾಯ್ ನನ್ನ ತಲೆಗೆ ಕಿತ್ತಳೆ ಬಣ್ಣದ ಟೋಪಿ ಹಾಕಿಸಿದ.

"ಜಿಂಕೆಗೆ ಈ ಬಣ್ಣ ಕಾಣಲ್ಲ, ಅದರ ಕಣ್ಣಿನ ರಚನೆ..." ಎಂದು ಶುರುಮಾಡಿದೆ.

"ಕ್ಲಿಫ್ಟನ್‌ಗೆ ಕಾಣುತ್ತೆ," ಎಂದು ಅಟ್ಟಣೆ ಏರಿದ.

ಕ್ಲಿಫ್ಟನ್ ನಮ್ಮ ನೆರೆಯವನು, ಅವನೂ ಬೇಟೆಗಾರ. ಅವನ ಜಮೀನಿಗೂ ನಮ್ಮದಕ್ಕೂ ನಡುವೆ ಒಂದು ತಂತಿಬೇಲಿ. ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದಾನೆ. ಮಾತು ಕಡಿಮೆ, ಹಸಿವು ಜಾಸ್ತಿ.

ನಾನು ಬೇಲಿಯಿಂದ ತುಸು ದೂರ, ಮೆಸ್ಕೀಟ್ ಪೊದೆಯೊಳಗೆ ಕೂತೆ. ಢಿಕ್ಕಿ. ತಿಕ್ಕಾಟ. ಕೆರೆತ. ಗುಟುರು ಹಾಕಿದೆ. ನನ್ನ ಪದವಿಗಳೆಲ್ಲ ಆ ಗುಟುರಿನಲ್ಲಿದ್ದವು. ಆಮೇಲೆ ಮೌನ.

ಉತ್ತರ ಬಂತು! ಬೇಲಿಯ ಆಚೆಯಿಂದ, ಕೊಂಬಿಗೆ ಕೊಂಬು ಬಡಿಯುವ ಶಬ್ದ! ನನ್ನ ಎದೆ ಹಿಗ್ಗಿತು. ಒಂದಲ್ಲ, ಎರಡು ಗಂಡು! ನಾನು ಇನ್ನೂ ಜೋರಾಗಿ ಕುಟ್ಟಿದೆ. ಅವು ಇನ್ನೂ ಜೋರಾಗಿ ಕುಟ್ಟಿದವು. ನಾನು ಗುಟುರು ಹಾಕಿದೆ. ಆ ಕಡೆಯಿಂದಲೂ ಗುಟುರು, ಕೊನೆಯಲ್ಲಿ ಸ್ವಲ್ಪ ಕೆಮ್ಮು. ಶೀತವಾಗಿರಬಹುದು ಎಂದುಕೊಂಡೆ. ಮಂಡಿಯೂರಿ ಮುಂದೆ ಸರಿದೆ. ಶಬ್ದವೂ ಮುಂದೆ ಸರಿಯಿತು. ಪಾಪಸುಕಳ್ಳಿ ನನ್ನನ್ನು ಎಲ್ಲೆಲ್ಲಿ ಸ್ವಾಗತಿಸಿತು ಎಂದು ಇಲ್ಲಿ ಬರೆಯಲಾರೆ. ಗೋಡೆಗಾಗಿ ಸಹಿಸಿದೆ. ನನ್ನ ಸಂಪುಟಗಳು ಸಾಲಾಗಿ ನಿಂತಿರುವುದು ಕಣ್ಣಿಗೆ ಕಟ್ಟಿತ್ತು. ಕೊನೆಯ ಪೊದೆಯನ್ನು ಮೆಲ್ಲಗೆ ಸರಿಸಿದೆ. ಆಚೆ ಕಡೆಯ ಪೊದೆಯೂ ಮೆಲ್ಲಗೆ ಸರಿಯಿತು.

ಬೇಲಿಯ ಆಚೆ, ನೆಲದ ಮೇಲೆ ನನ್ನಂತೆಯೇ ಅಂಬೆಗಾಲಿಟ್ಟು, ಎರಡು ಕೈಯಲ್ಲಿ ಎರಡು ಕೊಂಬು ಹಿಡಿದು, ಕ್ಲಿಫ್ಟನ್.

"ಪ್ರೊಫೆಸರಮ್ಮ," ಎಂದ. "ಒಳ್ಳೆ ದೊಡ್ಡದು ಅಂದ್ಕೊಂಡಿದ್ದೆ ನಿಮ್ಮನ್ನ."

"ನಾನೂ ಅಷ್ಟೇ," ಎಂದೆ.

ಅಟ್ಟಣೆಯ ಮೇಲಿನಿಂದ ಬಂದ ಶಬ್ದ ಯಾವ ಪ್ರಾಣಿಯದೂ ಆಗಿರಲಿಲ್ಲ. ನನ್ನ ಗಂಡ ನಗುತ್ತಿದ್ದ. ಆ ನಗು ಕೇಳಿ ಸುತ್ತಲಿನ ಜಿಂಕೆಗಳೆಲ್ಲ ಪಕ್ಕದ ಕೌಂಟಿಗೆ ಹೊರಟುಹೋಗಿರಬೇಕು.

ಮುಳ್ಳು ಕೀಳುವುದು ಬಾಕಿಯಿದ್ದರೂ ಸೋಲು ಬಾಕಿ ಉಳಿಯಲಿಲ್ಲ. ಮನೆಗೆ ಬಂದವನೇ ಎಲ್ರಾಯ್ ಟ್ರಕ್ಕಿನಿಂದ ಹೊಸ ತಲೆಯನ್ನು ಇಳಿಸಿ, ನನ್ನ ಕುರ್ಚಿಯ ಎದುರು ಸ್ಟೂಲು ಹಾಕಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಹತ್ತಿದ. ಕ್ಲಿಫ್ಟನ್ ತಿಂಡಿಯ ವಾಸನೆ ಹಿಡಿದು ಹಿಂದೆಯೇ ಬಂದು ಮೇಜಿಗೆ ಕೂತಿದ್ದ. ನಾನು ಒಲೆಯ ಮುಂದೆ ನಿಂತು ಮೊಟ್ಟೆ ಹುರಿಯುತ್ತಿದ್ದೆ. ಕೂರುವ ಸ್ಥಿತಿ ನನ್ನದಾಗಿರಲಿಲ್ಲ.

"ಸ್ವಲ್ಪ ಎಡಕ್ಕೆ ಇರಲಾ, ಬಲಕ್ಕಾ?" ಎಂದ ಎಲ್ರಾಯ್.

"ನಿನ್ನ ತಲೆ ಇಡು ಅಲ್ಲಿ! ಒಳಗೆ ತುಂಬಿಸೋಕೆ ಹೊಸದಾಗಿ ಹುಲ್ಲು ಬೇಕಾಗಲ್ಲ!" ಎಂದು ಬಾಣಲೆಯನ್ನು ಒಲೆಗೆ ಕುಕ್ಕಿದೆ.

"ಸೋತವರು ಬಾಣಲೆ ಕುಕ್ಕಬಾರದು!" ಅವನು ಸುತ್ತಿಗೆಯನ್ನು ಸ್ಟೂಲಿಗೆ ಕುಕ್ಕಿದ.

"ಕ್ಲಿಫ್ಟನ್ ನಡುವೆ ಬರದಿದ್ದರೆ ಜಿಂಕೆ ಬರ್ತಿತ್ತು!"

"ಹೂಂ. ಬಸ್ಸಿನಲ್ಲಿ ಬರ್ತಿತ್ತು!"

ನಾನು ಮುಚ್ಚಳ ಬಡಿದೆ. ಅವನು ಇಳಿದು, ತಲೆಯನ್ನು ಕೆಳಗಿಟ್ಟು, ಸ್ಟೂಲನ್ನು ನೆಲದುದ್ದಕ್ಕೂ ಕರ್ರೆಂದು ಎಳೆದ. ನಾನು ಸೌಟು ಬಡಿದೆ. ಅವನು ಗುಟುರು ಹಾಕಿದ. ನಮ್ಮ ದಾಂಪತ್ಯದಲ್ಲಿ ಅವನ ವಾದಗಳೆಲ್ಲ ಕೊನೆಗೊಳ್ಳುವುದು ಅಲ್ಲೇ. ಆಮೇಲೆ ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತೆವು.

ಆ ಮೌನದಲ್ಲಿ ಹಿತ್ತಿಲ ಜಾಲರಿ ಬಾಗಿಲು ಕಿರ್ ಎಂದಿತು. ಆಮೇಲೆ ಹರಿಯಿತು.

ಬಂದದ್ದು ಗಂಡುಜಿಂಕೆ! ಕತ್ತು ಉಬ್ಬಿ, ಕಣ್ಣು ಕೆಂಪಾಗಿ, ಕೊಂಬಿಗೆ ಬಾಗಿಲ ಜಾಲರಿಯನ್ನು ಮದುಮಗಳ ಮುಸುಕಿನಂತೆ ತೊಟ್ಟುಕೊಂಡು, ಅಡುಗೆಮನೆ ದಾಟಿ ಊಟದ ಕೋಣೆಯ ನಡುವೆ ಬಂದು ನಿಂತಿತು. ನನ್ನನ್ನು ನೋಡಿತು, ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ರಾಯ್‌ನನ್ನು ನೋಡಿತು, ಅವನನ್ನಂತೂ ನೋಡಿದ್ದಕ್ಕೇ ಬೇಸರಪಟ್ಟಂತೆ ಕಂಡಿತು. ಆಮೇಲೆ ಗೋಡೆಯ ಕಡೆ ತಿರುಗಿತು. ಒಂದು ಗೋಡೆಯ ತುಂಬ ಗಂಡುಜಿಂಕೆಗಳು, ಎಲ್ಲವೂ ಕಣ್ಣು ಬಿಟ್ಟು ತನ್ನನ್ನೇ ದುರುಗುಟ್ಟಿ ನೋಡುತ್ತಿವೆ!

"ಬಂದೂಕು!" ಎಂದು ಕೂಗಿದ ಎಲ್ರಾಯ್.

"ಟ್ರಕ್ಕಿನಲ್ಲಿದೆ!" ಎಂದೆ.

"ಮೊಟ್ಟೆ!" ಎಂದ ಕ್ಲಿಫ್ಟನ್, ತಟ್ಟೆಯನ್ನು ಎದೆಗವಚಿಕೊಂಡು ಮೇಜಿನ ಕೆಳಗೆ ಇಳಿಯುತ್ತ.

ಮುಂದಿನದು ಯುದ್ಧ. ಎದುರಾಳಿಗಳಲ್ಲಿ ಒಬ್ಬರೂ ತಿರುಗಿ ಹೊಡೆಯಲಿಲ್ಲವಾಗಿ ಅದು ಬೇಗ ಮುಗಿಯಿತು. ಎಲ್ರಾಯ್‌ನ ಇಡೀ ಜೀವಮಾನದ ಸಂಪಾದನೆ ಒಂದೊಂದಾಗಿ ನೆಲಕ್ಕುರುಳಿತು. ಮರದ ಪುಡಿ ಹಾರಿತು, ಗಾಜಿನ ಕಣ್ಣುಗಳು ಗೋಲಿಗಳಂತೆ ಉರುಳಿ ಕ್ಲಿಫ್ಟನ್‌ನ ಮಂಡಿಯವರೆಗೆ ಹೋದವು. ನೆಲದ ಮೇಲಿದ್ದ ಹೊಸ ತಲೆ ಮಾತ್ರ ಸ್ಟೂಲಿನ ಮರೆಯಲ್ಲಿ ಬದುಕಿಕೊಂಡಿತು. ಗೆದ್ದ ವೀರ ನನ್ನ ಮೇಜಿನ ಹೊದಿಕೆಯನ್ನು ಒಂದು ಕೊಂಬಿಗೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಗಂಭೀರವಾಗಿ ಹೊರಟುಹೋಯಿತು.

ಮೊದಲು ಮಾತಾಡಿದವಳು ನಾನು. "ಬಂತಲ್ಲ ಗಂಡುಜಿಂಕೆ! ನಾನೇ ಗೆದ್ದೆ!"

"ಕೊಂಬು ಎಲ್ಲಿತ್ತು? ಅದೂ ಟ್ರಕ್ಕಿನಲ್ಲೇ ಇತ್ತು! ನೀನು ಕುಟ್ಟಿದ್ದು ಬಾಣಲೆ!"

"ಕರೆದೆ, ಬಂತು!"

"ಸ್ಟೂಲು ಎಳೆದವನು ನಾನು!"

ಮೇಜಿನ ಕೆಳಗಿನಿಂದ ಕ್ಲಿಫ್ಟನ್ ಹೊರಬಂದ. ಅವನ ಮುಖದಲ್ಲಿ ಜ್ಞಾನೋದಯದ ಕಳೆ ಇತ್ತು. "ಅಯ್ಯೋ ನಿಮ್ಮ," ಎಂದ. "ಈ ಬೇಲಿ ಪಕ್ಕ ನಾನು ಎಷ್ಟು ಕಾಲದಿಂದ ಇದೀನಿ! ಜೋಳ ಹಾಕಿದೆ, ಸೇಬು ಹಾಕಿದೆ, ಉಪ್ಪಿನ ಗಡ್ಡೆ ಇಟ್ಟೆ. ಬೆಳಗಾದರೆ ಎಲ್ಲಾ ಜಿಂಕೆ ನಿಮ್ಮ ಕಡೇನೇ. ನಿಮ್ಮ ಓಕ್ ಕಾಯಿ ಜಾಸ್ತಿ ಸಿಹಿಯೇನೋ ಅಂದ್ಕೊಂಡಿದ್ದೆ. ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ನೀವಿಬ್ಬರೂ ಜಗಳ ಆಡ್ತೀರಲ್ಲ, ಅದನ್ನ ಕೇಳಿಸ್ಕೊಂಡು ಬರ್ತಿದ್ದವು ಅವು! ಆಮೇಲೆ ಎಲ್ರಾಯ್ ಹೋಗಿ ಅಟ್ಟಣೆ ಮೇಲೆ ಕೂತು ದೊಡ್ಡ ಬೇಟೆಗಾರ ಅನ್ನಿಸ್ಕೊಳ್ತಿದ್ದ!"

ಕೋಣೆಯಲ್ಲಿ ದೀರ್ಘವಾದ ಮೌನ. ಜಾಲರಿ ಇಲ್ಲದ ಬಾಗಿಲ ಕಡೆ ನಾವು ಮೂವರೂ ಒಮ್ಮೆ ನೋಡಿದೆವು.

ನೆಲದ ಮೇಲೆ ಬಿದ್ದಿದ್ದ ತಲೆಗಳನ್ನು ದಿಟ್ಟಿಸಿದೆ. ಹಾಗಾದರೆ ಇವುಗಳಲ್ಲಿ ಅರ್ಧ ನನ್ನ ಬೇಟೆ! ನಾನು ಧೂಳು ಒರೆಸಿದ್ದು ನನ್ನದೇ ಕೀರ್ತಿಯ ಧೂಳು! ಈ ವಿಚಾರದಿಂದ ಸಂತೋಷಪಡಬೇಕೋ ಬೇಡವೋ ತಿಳಿಯದೆ ನಿಂತಿದ್ದಾಗ ಕ್ಲಿಫ್ಟನ್ ಒಂದು ತೀರ್ಪು ಕೊಟ್ಟ.

"ಇಬ್ಬರೂ ಕರೆದಿದೀರಿ, ಇಬ್ಬರೂ ಗೆದ್ದಿಲ್ಲ. ಹೀಗೆ ಮಾಡಿ. ಈ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದವರೆಗೆ ಪ್ರೊಫೆಸರಮ್ಮ ದನಿ ಏರಿಸಬಾರದು, ಪಾತ್ರೆ ಬಡಿಬಾರದು. ಹಾಗೆ ಇದ್ದುಬಿಟ್ಟರೆ ಗೋಡೆ ಅವರದು, ಪುಸ್ತಕ ಜೋಡಿಸ್ಕೊಳ್ಳಲಿ. ಒಂದು ಸಲ ಜಗಳ ಆಡಿದರೂ ಗೋಡೆ ಎಲ್ರಾಯ್‌ದು."

"ಒಪ್ಪಿದೆ," ಎಂದ ಎಲ್ರಾಯ್. ಅಷ್ಟು ಬೇಗ ಅವನು ಮದುವೆಯ ದಿನ ಚರ್ಚಿನಲ್ಲಿ ನನ್ನನ್ನೂ ಒಪ್ಪಿರಲಿಲ್ಲ. ನಾನು ಆಗಲೇ ಅನುಮಾನಿಸಬೇಕಿತ್ತು.

ಕಾಲೇಜಿನಲ್ಲಿ ಮುನ್ನೂರು ತರುಣರ ಆಕಳಿಕೆಯನ್ನು ಸಹಿಸಿದವಳಿಗೆ ಒಬ್ಬ ಮುದುಕ ಯಾವ ಲೆಕ್ಕ? ನಾನು ಸ್ಥಿತಪ್ರಜ್ಞಳಾದೆ. "ಕಾಫಿ ನೀರಾಗಿದೆ," ಎಂದ. "ಹೌದಾ? ನಾಳೆ ಸರಿಮಾಡ್ತೀನಿ," ಎಂದೆ. ಕೆಸರಿನ ಬೂಟಿನಲ್ಲಿ ಒರೆಸಿದ ನೆಲದ ಮೇಲೆ ಓಡಾಡಿದ. ಒರೆಸುವ ಬಟ್ಟೆ ಹಿಡಿದು ಅವನ ಹಿಂದೆಯೇ ನಡೆದೆ, ದನಿ ಮಾತ್ರ ಏರಲಿಲ್ಲ. ನಾನು ಮಾಡಿದ ಸಿಹಿ ಪೀಕನ್ ಪೈಗೆ ಸಾಸಿವೆ ಸಾಸ್ ಸುರಿದುಕೊಂಡು ತಿಂದ. ಕಣ್ಣು ಮುಚ್ಚಿಕೊಂಡೆ. ತನ್ನ ತಂಗಿಗೆ ಫೋನ್ ಮಾಡಿ ದೀಪ ಒಡೆದವಳು ಯಾರೆಂದು ಹೇಳಿದ. ಅವಳು ತಿರುಗಿ ಮಾಡಿದ ಕರೆಗೆ ನಾನೇ ಉತ್ತರಿಸಿದೆ, ಮೆಲುದನಿಯಲ್ಲಿ! ನಾದಿನಿ ಹೆದರಿ ವೈದ್ಯರನ್ನು ನೋಡುವಂತೆ ಸಲಹೆ ಕೊಟ್ಟಳು.

ನಮ್ಮ ಮನೆ ಗ್ರಂಥಾಲಯದಷ್ಟು ಶಾಂತವಾಯಿತು. ನಮ್ಮ ಜಮೀನಿನಲ್ಲಿ ಒಂದು ಜಿಂಕೆಯೂ ಕಾಲಿಡಲಿಲ್ಲ. ಎಲ್ರಾಯ್ ಅಟ್ಟಣೆಯ ಮೇಲೆ ಕೂತು ಅಪ್ಪನ ಕೊಂಬು ಕುಟ್ಟಿ ಕುಟ್ಟಿ ಬರಿಗೈಯಲ್ಲಿ ಇಳಿಯುತ್ತಿದ್ದ. ಬೇಲಿಯ ಆಚೆಯಿಂದ ಮಾತ್ರ ಆಗಾಗ ಗುಂಡಿನ ಶಬ್ದ ಕೇಳುತ್ತಿತ್ತು. ಇಬ್ಬರು ಗುದ್ದಾಡುವಾಗ ಹಿಂದಿನಿಂದ ಬರುವ ಮೂರನೆಯ ಜಾತಿಯ ಬಗ್ಗೆ ಪಾಠ ಮಾಡಿದ್ದ ನನಗೆ, ಆ ಜಾತಿ ನಮ್ಮ ಮೇಜಿನಲ್ಲೇ ಕೂತು ಮೊಟ್ಟೆ ತಿಂದು ತೀರ್ಪು ಕೊಟ್ಟು ಹೋದದ್ದು ಆಗ ಹೊಳೆಯಿತು. ಹೊಳೆದರೂ ಸುಮ್ಮನಿದ್ದೆ. ಬಡಗಿಗೆ ಹೇಳಿ ಶೆಲ್ಫಿನ ಹಲಗೆಗಳನ್ನು ತರಿಸಿ ಗೋಡೆಗೆ ಒರಗಿಸಿಟ್ಟಿದ್ದೆ. ಕಪ್ಪೆಗಳ ಸಂಪುಟದಲ್ಲಿ ಉಳಿದಿದ್ದ ಭಾಗಕ್ಕೆ ಹೊಸ ರಟ್ಟು ಹಾಕಿದ್ದೆ.

ಹಬ್ಬದ ದಿನ ಬಂತು. ಟರ್ಕಿ ಕೋಳಿ ಒಲೆಯಲ್ಲಿ ಬೇಯುತ್ತಿತ್ತು. ಕ್ಲಿಫ್ಟನ್ ತನ್ನ ಹೊಸ ಬೇಟೆಯ ಸಾಸೇಜುಗಳನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಬಂದ. ಅವನು ದಪ್ಪಗಾಗಿದ್ದ. ಊಟ ಮುಗಿದರೆ ಗೋಡೆ ನನ್ನದು. ನಾನು ರಸದ ಬಟ್ಟಲು ಹಿಡಿದು ಬಂದಾಗ ಎಲ್ರಾಯ್ ಕ್ಲಿಫ್ಟನ್‌ನ ಕಡೆ ಬಾಗಿ, ಬಹಳ ಸಹಜವಾಗಿ, ಹವಾಮಾನದ ಮಾತಿನಂತೆ ಹೇಳಿದ.

"ನೀನು ಹೊಡೆದದ್ದಕ್ಕೆ ಎಂಟು ಕವಲು ಅಲ್ವಾ? ಹಾಗಾದರೆ ಅದಕ್ಕೆ ಎಂಟು ವರ್ಷ. ಕೊಂಬಿನ ಕವಲು ಎಣಿಸಿದರೆ ಜಿಂಕೆ ವಯಸ್ಸು ಗೊತ್ತಾಗಿಬಿಡುತ್ತೆ."

ನಾನು ಬಟ್ಟಲನ್ನು ಮೇಜಿನ ಮೇಲಿಟ್ಟೆ. ಮೆಲ್ಲಗೇ ಇಟ್ಟೆ. ಉಸಿರು ಎಳೆದುಕೊಂಡೆ. ಶೆಲ್ಫಿನ ಹಲಗೆಗಳನ್ನು ನೋಡಿದೆ. ಕಪ್ಪೆಗಳನ್ನು ನೆನೆದೆ.

"ಪುಸ್ತಕದಲ್ಲೂ ಹಾಗೇ ಬರೆದಿದ್ದಾರಂತೆ," ಎಂದ ಎಲ್ರಾಯ್. "ಹಲ್ಲು ನೋಡ್ತೀವಿ ಅನ್ನೋರೆಲ್ಲ ಸುಮ್ಮನೆ ಬುರುಡೆ."

"ಯಾವ ಪುಸ್ತಕದಲ್ಲಿ?!" ಆ ಕಿರುಚು ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಯಾವ ಮುಠ್ಠಾಳ ಬರೆದ? ಕವಲು ಮೇವಿನ ಮೇಲೆ ಹೋಗುತ್ತೆ, ತಳಿಯ ಮೇಲೆ ಹೋಗುತ್ತೆ! ಹಲ್ಲು! ದವಡೆಯ ಹಲ್ಲು! ಅದರ ಸವೆತ! ಇಷ್ಟು ವರ್ಷ ನಿನ್ನ ಜೊತೆ ಒಂದೇ ಮನೆಯಲ್ಲಿದ್ದು..." ಸೌಟು ಮೇಜಿಗೆ ಬಡಿಯಿತು. ಬಟ್ಟಲು ಹಾರಿತು. ಕುರ್ಚಿ ನೆಲ ಕೆರೆಯಿತು. ನಾನು ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯದ ನಡುವೆ ಇದ್ದಾಗ ಎಲ್ರಾಯ್ ಕೈಯೆತ್ತಿದ. ನಾನು ಉಸಿರಿಗಾಗಿ ನಿಂತೆ.

ಆ ಮೌನದಲ್ಲಿ, ಹೊಸ ಜಾಲರಿ ಬಾಗಿಲಿನ ಆಚೆ, ಒಂದು ಒಣ ಕಡ್ಡಿ ಮುರಿಯಿತು.

"ನೋಡಿದೆಯಾ ಕ್ಲಿಫ್ಟನ್?" ಎಂದ ಎಲ್ರಾಯ್, ಕರವಸ್ತ್ರದಿಂದ ಮುಖದ ರಸ ಒರೆಸಿಕೊಳ್ಳುತ್ತ. "ಕರೆಯೋದು ಅಂದರೆ ಹೀಗೆ. ಜಾಸ್ತಿ ಕುಟ್ಟಬಾರದು. ಎರಡೇ ಏಟು, ಅದೂ ಜಾಗ ನೋಡಿಕೊಂಡು."

"ಜಿಂಕೆ ಬಂತಾ?" ಎಂದ ಕ್ಲಿಫ್ಟನ್, ತಟ್ಟೆಯನ್ನು ಎದೆಗವಚಿಕೊಂಡು.

"ಜಿಂಕೆ ಆಮೇಲೆ ಬಂತು. ಮೊದಲು ಬಂದವಳು ಟಿಲ್ಲಿ."

ಅವನು ಎದ್ದು ಹೋಗಿ ಸ್ಟೂಲು ತಂದ.

ಹೊಸ ತಲೆ ಈಗ ನನ್ನ ಕುರ್ಚಿಯ ಎದುರಿಗೇ ಇದೆ. ಹಲಗೆಗಳು ಗ್ಯಾರೇಜಿನಲ್ಲಿವೆ, ಇಲಿಗಳು ಪಕ್ಷಿಗಳ ಸಂಪುಟಕ್ಕೆ ಬಂದಿವೆ. ಊಟಕ್ಕೆ ಕೂತಾಗಲೆಲ್ಲ ನಾನು ಅದನ್ನು ಪರೀಕ್ಷಿಸುತ್ತೇನೆ. ಹಲ್ಲು ಕಂಡರೆ ಅದರ ವಯಸ್ಸನ್ನು ಕರಾರುವಾಕ್ಕಾಗಿ ಹೇಳಬಲ್ಲೆ. ಆದರೆ ಅದು ಬಾಯಿ ಮುಚ್ಚಿಕೊಂಡಿದೆ. ಎಲ್ರಾಯ್ ಏನು ಹೇಳಿದರೂ ತೆರೆಯುವುದಿಲ್ಲ. ಅದಕ್ಕೇ ಗೋಡೆ ಅದರದು!